ಕೆಂಪು ಕಲ್ಲು, ಕರಿ ಮಣ್ಣು, ನಾಲ್ಕು ಟೈರು

ಬೀದರ ಕೋಟೆಯ ಬುರುಜಿನ ಮೇಲೆ ನಿಂತು ಕೆಳಗೆ ನೋಡಿದವರಿಗೆ ಇದು ಗೊತ್ತಿರುತ್ತದೆ: ಊರು ಇರುವುದು ಒಂದು ಕೆಂಪು ಕಲ್ಲಿನ ಮೇಜಿನ ಮೇಲೆ. ಮೇಜಿನ ಅಂಚು ಮುಗಿದ ಕಡೆ ನೆಲ ಇಳಿಯುತ್ತದೆ, ಬಣ್ಣವೂ ಬದಲಾಗುತ್ತದೆ. ಮೇಲೆ ಜಂಬಿಟ್ಟಿಗೆ, ಕೆಳಗೆ ಎರೆ. ಕೋಟೆಯ ಕಂದಕವನ್ನು ಕಡಿದದ್ದು ಆ ಕೆಂಪು ಕಲ್ಲಿನಲ್ಲೇ. ಔರಾದದವರು, ಭಾಲ್ಕಿಯವರು ತೊಗರಿ, ಸೋಯಾ ಬಿತ್ತುವುದು ಈ ಕರಿ ಮಣ್ಣಿನಲ್ಲಿ.

ಹೈದರಾಬಾದಿನಲ್ಲಿ ಕೆಲಸ ಮಾಡುವ ನನಗೆ ಈ ಎರಡು ನೆಲಗಳ ವ್ಯತ್ಯಾಸ ಚೆನ್ನಾಗಿ ಗೊತ್ತಾಗುವುದು ಜುಲೈಯಿಂದ ಸೆಪ್ಟೆಂಬರ್‌ವರೆಗೆ. ಅವ್ವ ಇರೋದು ಔರಾದ ತಾಲ್ಲೂಕಿನ ಹಳ್ಳಿಯಲ್ಲಿ. ತಿಂಗಳಿಗೊಮ್ಮೆ ಆಕೆಯನ್ನು ಹೃದಯದ ತಪಾಸಣೆಗೆ ಬೀದರಕ್ಕೆ ಕರಕೊಂಡು ಬರಬೇಕು. ಮಳೆ ಇದೆ ಅಂತ ತಾರೀಖು ಮುಂದೂಡುವ ಹಾಗಿಲ್ಲ. ಹೈದರಾಬಾದಿನಿಂದ ಜಹೀರಾಬಾದ್‌ವರೆಗೆ ಹೆದ್ದಾರಿ 65, ಅಲ್ಲಿಂದ ಬಲಕ್ಕೆ ತಿರುಗಿ ಬೀದರ, ಆಮೇಲೆ ಜನವಾಡ, ಕೌಠಾ ಹತ್ತಿರ ಮಾಂಜ್ರಾ ಸೇತುವೆ, ಸಂತಪೂರ, ಔರಾದ. ಕೊನೆಯ ಮೂರು ಕಿಲೋಮೀಟರ್ ಹೊಲದ ದಾರಿ.

ಹೋದ ಮಳೆಗಾಲಕ್ಕೆ ಮೊದಲು ಕಾರಿನ ನಾಲ್ಕೂ ಟೈರ್ ಬದಲಿಸುವ ಸಮಯ ಬಂದಿತ್ತು. ಮಾಂಟ್ರಿಯಲ್‌ನಲ್ಲಿರುವ ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವನದು ಒಂದೇ ಮಾತು: "ಅಕ್ಕಾ, ಸ್ನೋ ಟೈರೇ ಹಾಕ್ಸಿಬಿಡು. ಹಿಮದಾಗ ಜಾರಲ್ಲ ಅಂದ್ಮ್ಯಾಲ ಎರಿ ಮಣ್ಣಾಗ ಯಾಕ್ ಜಾರ್ತದ?"

ಕೇಳಲು ಸರಿಯಾಗಿಯೇ ಇದೆ. ಅವನಿರುವ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾರಿಗೆ ಚಳಿಗಾಲದ ಟೈರ್ ಹಾಕಲೇಬೇಕು, ಇಲ್ಲದಿದ್ದರೆ ದಂಡ. ಹಾಗಾಗಿ ಅಲ್ಲಿ ಪ್ರತಿ ಮನೆಯಲ್ಲೂ ಎರಡು ಜೊತೆ ಟೈರ್. ನಾವು ಸ್ವೆಟರ್ ತೆಗೆದಿಟ್ಟ ಹಾಗೆ ಅವರು ಟೈರ್ ತೆಗೆದಿಡುತ್ತಾರೆ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಈ ಗುರುತು ಇರಬೇಕು. ಹಿಮದ ಮೇಲೆ ಪರೀಕ್ಷೆ ಮಾಡಿ ಪಾಸಾದ ಟೈರಿಗೆ ಮಾತ್ರ ಅದು ಸಿಗುತ್ತದೆ. ಜರ್ಮನಿಯಲ್ಲೂ 2024ರ ಅಕ್ಟೋಬರ್‌ನಿಂದ ಹಿಮದ ರಸ್ತೆಗೆ ಈ ಗುರುತಿನ ಟೈರೇ ಆಗಬೇಕು. ಬರೀ 'ಎಂ ಪ್ಲಸ್ ಎಸ್' ಅಂತ ಅಚ್ಚಿದ್ದರೆ ನಡೆಯುವುದಿಲ್ಲ.

ಈ ಎಂ ಪ್ಲಸ್ ಎಸ್ ಅನ್ನು ನಮ್ಮಲ್ಲೂ ಎಸ್‌ಯುವಿ ಟೈರ್‌ಗಳ ಮೇಲೆ ನೋಡಿರುತ್ತೀರಿ. ಮಡ್ ಆ್ಯಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ. ಅಂಗಡಿಯವರು ಅದನ್ನು ತೋರಿಸಿ ನೂರು ಮಾತು ಹೇಳುತ್ತಾರೆ. ಆದರೆ ಅದು ತಯಾರಕರೇ ತಮಗೆ ತಾವೇ ಕೊಟ್ಟುಕೊಂಡ ಸರ್ಟಿಫಿಕೇಟು. ಅದಕ್ಕೆ ಪರೀಕ್ಷೆ ಗಿರೀಕ್ಷೆ ಏನೂ ಬೇಕಿಲ್ಲ.

ತಮ್ಮನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಒಂದು ಸಂಗತಿ ಸಿಕ್ಕಿತು, ನನಗಂತೂ ಬಹಳ ಹಿಡಿಸಿತು. ಹಿಮದ ಟೈರು ಹಿಡಿತ ಪಡೆಯುವುದು ಹಿಮವನ್ನು ತನ್ನೊಳಗೆ ಇಟ್ಟುಕೊಂಡು. ಅದರ ಬಟನ್‌ಗಳ ನಡುವಿನ ಗೀರಿನಲ್ಲಿ ಹಿಮ ತುಂಬಿ ಗಟ್ಟಿಯಾಗುತ್ತದೆ. ರಸ್ತೆಯ ಹಿಮಕ್ಕೂ ಟೈರಿನ ಹಿಮಕ್ಕೂ ಒಂದನ್ನೊಂದು ಕಚ್ಚುವ ಗುಣವಿದೆ. ಮಕ್ಕಳು ಹಿಮದುಂಡೆ ಉರುಳಿಸಿ ದೊಡ್ಡದು ಮಾಡುವುದಿಲ್ಲವೇ, ಅದೇ ಕೆಲಸ ಇಲ್ಲಿ. ಬಟನ್ ಮೇಲೆ ಕೂದಲೆಳೆಯಂಥ ಸೀಳುಗಳು ಬೇರೆ ಇರುತ್ತವೆ, ಅವು ಹಿಮ ಮತ್ತು ಮಂಜುಗಡ್ಡೆಯ ಮೇಲೆ ನೂರಾರು ಸಣ್ಣ ಅಂಚುಗಳಾಗಿ ಕಚ್ಚುತ್ತವೆ.

ಎರೆ ಮಣ್ಣಿನ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಗೀರಿನಲ್ಲಿ ಎರೆ ತುಂಬಿತೋ, ಟೈರು ಬೋಳಾದ ಹಾಗೇ ಲೆಕ್ಕ. ಆ ಮಣ್ಣಿನಲ್ಲಿರುವ ಜೇಡಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ನಮ್ಮ ಕಡೆಯ ಡಾಂಬರು ರಸ್ತೆ ಎರಡು ವರ್ಷದಲ್ಲಿ ಅಲೆಅಲೆಯಾಗುವುದಕ್ಕೂ ಈ ಉಬ್ಬುವಿಕೆ ಒಂದು ದೊಡ್ಡ ಕಾರಣ. (ಗುತ್ತಿಗೆದಾರರದು ಬೇರೆ ಕಾರಣ ಇರಬಹುದು, ಅದು ಇಲ್ಲಿ ಬೇಡ.) ಹಸಿ ಎರೆಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಚಪ್ಪಲಿ ಎರಡು ಕಿಲೋ ಆಗುತ್ತದೆ. ಬೈಕಿನ ಮಡ್‌ಗಾರ್ಡ್ ಒಳಗೆ ತುಂಬಿಕೊಂಡು ಚಕ್ರವೇ ತಿರುಗದ ಹಾಗೆ ಮಾಡುತ್ತದೆ. ಇಂಥ ಮಣ್ಣಿಗೆ ಬೇಕಾದದ್ದು ಮಣ್ಣನ್ನು ಹೊರಗೆ ಎಸೆಯುವ ಟೈರು, ಬಟನ್ ದಪ್ಪ, ನಡುವೆ ಅಗಲವಾದ ಜಾಗ. ಟ್ರ್ಯಾಕ್ಟರಿನ ಹಿಂದಿನ ಟೈರ್ ನೋಡಿ, ಅರ್ಥವಾಗುತ್ತದೆ. ಹಿಮಕ್ಕೆ ಹಿಡಿದುಕೊಳ್ಳುವ ಟೈರು, ಎರೆಗೆ ಬಿಟ್ಟುಕೊಡುವ ಟೈರು.

ಇನ್ನೊಂದು ಅಡ್ಡಿ ಬಿಸಿಲು. ಚಳಿಗಾಲದ ಟೈರಿನ ರಬ್ಬರು ಮೆತ್ತಗಿನದು. ಸುಮಾರು 7 ಡಿಗ್ರಿಗಿಂತ ಕೆಳಗೆ ಮಾಮೂಲಿ ಟೈರು ಬಿರುಸಾಗಿ ಹಿಡಿತ ಕಳೆದುಕೊಂಡರೆ ಇದು ಮೆತ್ತಗೇ ಉಳಿಯುತ್ತದೆ. ಬೀದರ ನಮ್ಮ ರಾಜ್ಯದ ಚಳಿ ಊರುಗಳಲ್ಲಿ ಒಂದು, ನಿಜ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಒಂದಂಕಿಗೆ ಇಳಿಯುವುದೂ ಉಂಟು. ಆದರೆ ಮಧ್ಯಾಹ್ನ ಅದೇ ರಸ್ತೆಯಲ್ಲಿ ಬಿಸಿಲು ಕಾಯುತ್ತದೆ. ಏಪ್ರಿಲ್, ಮೇ ಬಂದರೆ 40 ದಾಟುತ್ತದೆ. ಆ ಬಿಸಿಗೆ ಮೆತ್ತಗಿನ ರಬ್ಬರು ಪೆನ್ಸಿಲ್ ರಬ್ಬರಿನಂತೆ ಸವೆದು ಹೋಗುತ್ತದೆ, ಬ್ರೇಕ್ ಹಾಕಿದರೆ ನಿಲ್ಲುವ ದೂರವೂ ಹೆಚ್ಚುತ್ತದೆ. ತಮ್ಮನೇ ಏಪ್ರಿಲ್‌ನಲ್ಲಿ ಅದನ್ನು ಬಿಚ್ಚಿಸಿ ಇಡುತ್ತಾನೆ.

ಹಾಗಾದರೆ ದಪ್ಪ ಬಟನ್ನಿನ ಕೆಸರು ಟೈರ್ ಹಾಕಿಸಬೇಕಾ? ಇಲ್ಲಿ ನಾನು ದಾರಿಯನ್ನೇ ಲೆಕ್ಕ ಹಾಕಿದೆ. ಹೋಗಿಬರಲು ಸುಮಾರು 400 ಕಿಲೋಮೀಟರ್. ಅದರಲ್ಲಿ ಎರೆ ದಾರಿ ಆರು. ಉಳಿದದ್ದೆಲ್ಲ ಡಾಂಬರು. ಹೆಚ್ಚಿನ ಪಾಲು ಮಳೆಯಲ್ಲಿ ನೆನೆದ ಡಾಂಬರು. ದಪ್ಪ ಬಟನ್ ಟೈರು ಒದ್ದೆ ಡಾಂಬರಿನ ಮೇಲೆ ಮಾಮೂಲಿ ಟೈರಿನಷ್ಟು ಚೆನ್ನಾಗಿ ನಿಲ್ಲುವುದಿಲ್ಲ, ಸದ್ದು ಜಾಸ್ತಿ, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ. ಆರು ಕಿಲೋಮೀಟರಿಗಾಗಿ ಮುನ್ನೂರ ತೊಂಬತ್ನಾಲ್ಕನ್ನು ಪಣಕ್ಕಿಡುವುದು ಯಾವ ನ್ಯಾಯ?

ನಿಜವಾದ ಅಪಾಯ ಇರುವುದೂ ಡಾಂಬರಿನ ಮೇಲೆಯೇ. ಬೀದರದ ಕೆಂಪು ಕಲ್ಲು ನೀರು ಕುಡಿಯುವ ಕಲ್ಲು. ಮಳೆ ನಿಂತ ಸ್ವಲ್ಪ ಹೊತ್ತಿಗೆ ಊರಿನ ನೆಲ ಆರಿಕೊಳ್ಳುತ್ತದೆ. ಒಳಗಿಳಿದ ನೀರೇ ನಾನಕ್ ಝೀರಾದಲ್ಲಿ, ನರಸಿಂಹ ಝರಣಿಯ ಗವಿಯಲ್ಲಿ ವರ್ಷವಿಡೀ ಬರುವುದು, ನೌಬಾದಿನ ಕರೇಜ್ ಎಂಬ ನೆಲದಡಿಯ ಕಾಲುವೆಯಲ್ಲಿ ಬಹಮನಿಗಳು ಹಿಡಿದದ್ದೂ ಇಂಥ ನೀರನ್ನೇ. ಮೇಲೆ ಎಚ್ಚರ ಇರಬೇಕಾದದ್ದು ರಸ್ತೆ ಬದಿಯ ಮುರುಮಿನ ಬಗ್ಗೆ ಮಾತ್ರ. ಆ ಸಣ್ಣ ಕೆಂಪು ಹರಳು ಟೈರಿನ ಕೆಳಗೆ ಕಾಳಿನಂತೆ ಉರುಳುತ್ತದೆ.

ಇಳಿಜಾರು ಮುಗಿದು ಎರೆ ಹೊಲ ಶುರುವಾದ ಮೇಲೆ ಕತೆ ಬೇರೆ. ಹೊಲದಿಂದ ಹತ್ತಿದ ಟ್ರ್ಯಾಕ್ಟರು ತನ್ನ ಚಕ್ರದ ಮಣ್ಣನ್ನೆಲ್ಲ ರಸ್ತೆ ಮೇಲೆ ಉದುರಿಸುತ್ತಾ ಹೋಗುತ್ತದೆ. ಅದರ ಮೇಲೆ ಸಣ್ಣ ತುಂತುರು ಬಿದ್ದರೆ ಡಾಂಬರಿಗೆ ಸಾಬೂನು ಹಚ್ಚಿದ ಹಾಗೆ. ಜೋರು ಮಳೆಯಾದರೂ ವಾಸಿ, ತೊಳೆದುಕೊಂಡು ಹೋಗುತ್ತದೆ. ನೋಡಲು ಬರೀ ಒದ್ದೆ ರಸ್ತೆ, ಬ್ರೇಕ್ ಮೇಲೆ ಕಾಲಿಟ್ಟಾಗಲೇ ಗೊತ್ತಾಗುವುದು. ತಮ್ಮನ ಊರಿನಲ್ಲಿ ರಸ್ತೆಯ ಮೇಲೆ ಕಣ್ಣಿಗೆ ಕಾಣದಂತೆ ಹೆಪ್ಪುಗಟ್ಟುವ ತೆಳು ಮಂಜುಗಡ್ಡೆಗೆ 'ಬ್ಲ್ಯಾಕ್ ಐಸ್' ಅಂತಾರಂತೆ. ನಮ್ಮದು ಬ್ಲ್ಯಾಕೇ, ಐಸ್ ಒಂದಿಲ್ಲ.

ಹಾಗಾಗಿ ನಾನು ಕೊಂಡದ್ದು ಮಾಮೂಲಿ ರಸ್ತೆ ಟೈರು, ಒದ್ದೆ ರಸ್ತೆಯಲ್ಲಿ ಹಿಡಿತ ಚೆನ್ನಾಗಿರುವಂಥದ್ದು, ನಡುವೆ ಅಗಲವಾದ ನೇರ ಗೀರುಗಳಿರುವಂಥದ್ದು. ನೀರು ಹೊರಹೋಗಲು ಅದೇ ದಾರಿ. ಅಂಗಡಿಯ ಹುಡುಗ "ಮೇಡಂ, ಒಂದ್ ಸೈಜ್ ಅಗಲ ಹಾಕ್ರಿ, ಗಾಡಿ ಭಾರಿ ಕಾಣ್ತದ" ಅಂದ. ಬೇಡ ಅಂದೆ. ಅಗಲ ಟೈರು ನಿಂತ ನೀರಿನ ಮೇಲೆ ಬೇಗ ತೇಲುತ್ತದೆ. ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ ಕಂಪನಿ ಯಾವ ಸೈಜು ಬರೆದಿದೆಯೋ ಅದೇ ಸಾಕು.

ಆಮೇಲೆ ತಾರೀಖು. ಟೈರಿನ ಪಕ್ಕದಲ್ಲಿ ಡಾಟ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2324 ಅಂತಿದ್ದರೆ 2024ರ 23ನೇ ವಾರ ತಯಾರಾದದ್ದು. ಹಾಲಿನ ಪ್ಯಾಕೆಟ್ ಮೇಲಿನ ದಿನಾಂಕ ನೋಡುವ ನಾವು 20 ಸಾವಿರ ರೂಪಾಯಿ ಕೊಟ್ಟು ತರುವ ಟೈರಿನದು ನೋಡುವುದಿಲ್ಲ. ಅಂಗಡಿಯಲ್ಲಿ ಎರಡು ಮೂರು ವರ್ಷ ಕೂತ ಟೈರು ಬೇಡ ಅಂತ ಹೇಳಲು ಸಂಕೋಚ ಯಾಕೆ?

ಬರೀ ಎರಡು ಹೊಸ ಟೈರ್ ಕೊಳ್ಳುವ ಬಜೆಟ್ ಇದ್ದರೆ ಅವು ಹಿಂದಿನ ಚಕ್ರಕ್ಕೆ ಹೋಗಬೇಕು. ಎಲ್ಲರೂ ಮುಂದಕ್ಕೆ ಹಾಕಿಸುತ್ತಾರೆ. ಆದರೆ ಒದ್ದೆ ತಿರುವಿನಲ್ಲಿ ಮುಂದಿನದು ಜಾರಿದರೆ ಕಾರು ನೇರ ಹೋಗುತ್ತದೆ, ವೇಗ ಇಳಿಸಿ ಹತೋಟಿಗೆ ತರಬಹುದು. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ಕಾನೂನಿನ ಪ್ರಕಾರ ಗೀರಿನ ಆಳ 1.6 ಮಿಲಿಮೀಟರ್ ಇದ್ದರೆ ಸಾಕು, ಆದರೆ ಮಾಂಜ್ರಾ ಬಯಲಿನ ಮಳೆಗೆ ಅದು ಸಾಲದು. 3ಕ್ಕೆ ಬಂದಾಗಲೇ ನಾನು ಅಂಗಡಿ ದಾರಿ ಹಿಡಿಯುತ್ತೇನೆ. ಹವಾ ಮಾತ್ರ ಟೈರ್ ತಣ್ಣಗಿದ್ದಾಗಲೇ ನೋಡಿಸಿ.

ಡಿಸೆಂಬರಿನಲ್ಲಿ ಸ್ವಂತ ಕಾರಿನಲ್ಲಿ ಮನಾಲಿಗೆ ಹೋಗಿ 2020ರಲ್ಲಿ ತೆರೆದ ಅಟಲ್ ಸುರಂಗ ದಾಟುವ ಪ್ಲ್ಯಾನ್ ಇರುವವರಿಗೆ ಒಂದು ಮಾತು: ಎರಡು ದಿನದ ಹಿಮಕ್ಕೆ ಚಳಿಗಾಲದ ಟೈರ್ ತರಿಸಬೇಡಿ, ಚೈನ್ ಸಾಕು. ನಮ್ಮ ಬಹುತೇಕ ಸಣ್ಣ ಕಾರುಗಳಿಗೆ ಎಂಜಿನ್ ತಿರುಗಿಸುವುದು ಮುಂದಿನ ಚಕ್ರವನ್ನು, ಚೈನ್ ಕಟ್ಟಬೇಕಾದದ್ದು ಅಲ್ಲಿಗೆ. ಹಿಮ ಮುಗಿದ ಕೂಡಲೇ ಬಿಚ್ಚಿ.

ಇನ್ನು ಕೊನೆಯ ಮೂರು ಕಿಲೋಮೀಟರ್. ಅದಕ್ಕೂ ಟೈರ್ ಕೇಳಿದ್ದೆ, ಊರಿನ ಕಾಕಾನನ್ನು. ಐವತ್ತು ಮಳೆಗಾಲ ಆ ದಾರಿಯಲ್ಲಿ ನಡೆದವರು. "ನೋಡ್ ತಂಗಿ, ಆ ದಾರಿಗ ಟೈರ್ ಇಲ್ಲ. ಕಾರ್ ಡಾಂಬರ್ ಮ್ಯಾಲೇ ಬಿಡು. ನಾ ಟ್ರ್ಯಾಕ್ಟರ್ ತರ್ತೀನಿ, ನಿಮ್ಮವ್ವಗ ಖುರ್ಚಿ ಹಾಕಿ ಕೂಡ್ಸ್ಕೊಂಡ್ ಬರ್ತೀನಿ" ಅಂದರು. ಹೋದ ವರ್ಷ ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರೂ ಸಲ ಹಾಗೇ ಆಯಿತು. ಟ್ರ್ಯಾಲಿಯಲ್ಲಿ ಪ್ಲಾಸ್ಟಿಕ್ ಖುರ್ಚಿ, ಅದರ ಮೇಲೆ ಅವ್ವ, ತಲೆ ಮೇಲೆ ಕೊಡೆ. ಕಾರು ಹತ್ತುವ ಮೊದಲು ಆಕೆ ಕಾಲಿನ ಮಣ್ಣು ರಸ್ತೆ ಬದಿಯ ಕಲ್ಲಿಗೆ ಒರೆಸಿಕೊಳ್ಳುತ್ತಾಳೆ, ನಾನು ಟ್ರ್ಯಾಕ್ಟರು ಉದುರಿಸಿದ ಹೆಂಟೆಗಳನ್ನು ತಪ್ಪಿಸಿ ಗಾಡಿ ತಿರುಗಿಸುತ್ತೇನೆ.