ಒಂದೂವರೆ ಇಂಚಿನ ಲೆಕ್ಕ

ಮಲೆನಾಡಿನ ತೋಟದ ಮನೆಗಳಲ್ಲಿ ಜೀಪು ಷೋಕಿಯ ವಾಹನವಲ್ಲ. ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಕೆಲಸವನ್ನೆಲ್ಲ ಅದು ಮಾಡುತ್ತದೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಮುಟ್ಟಿಸಬೇಕು, ಬರುವಾಗ ಗೊಬ್ಬರದ ಮೂಟೆ ತರಬೇಕು, ನಡುರಾತ್ರಿ ಲೈನಿನಲ್ಲಿ ಯಾರಿಗಾದರೂ ಹೆರಿಗೆ ನೋವು ಕಾಣಿಸಿಕೊಂಡರೆ ಆಸ್ಪತ್ರೆಗೆ ಓಡಬೇಕು. ಮೂಡಿಗೆರೆ, ಕಳಸದ ಕಡೆ ಮಳೆಗಾಲದಲ್ಲಿ ಚಕ್ರಕ್ಕೆ ಕಬ್ಬಿಣದ ಚೈನು ಸುತ್ತಿಕೊಂಡು ಗರಗರ ಸದ್ದು ಮಾಡುತ್ತ ಏರು ಹತ್ತುವ ಜೀಪುಗಳನ್ನು ನೀವೂ ನೋಡಿರಬಹುದು.

ನಮ್ಮದು ಹಳೆಯ ವಿಲ್ಲೀಸ್ ನಮೂನೆಯ ಜೀಪು. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ಹುಟ್ಟಿದ ಈ ವಾಹನವನ್ನು ಮಹೀಂದ್ರದವರು ಮುಂಬೈಯಲ್ಲಿ ಜೋಡಿಸತೊಡಗಿದ್ದು 1940ರ ದಶಕದ ಕೊನೆಯಲ್ಲಿ. ಆಮೇಲೆ ಎಂಜಿನ್ನು, ಬಾನೆಟ್ಟು ಎಷ್ಟೋ ಸಲ ಬದಲಾದವು. ಅಡಿಯ ಮೂಳೆ ಮಾತ್ರ ಬಹುಕಾಲ ಅದೇ ಉಳಿಯಿತು. ನಮ್ಮ ಮನೆಯಿಂದ ಡಾಂಬರು ರಸ್ತೆಗೆ 3 ಕಿಲೋಮೀಟರು ಮಣ್ಣಿನ ದಾರಿ, ಅಲ್ಲಿಂದ ಪೇಟೆಗೆ 11. ಹಿಂದಿನ ಸೀಟಿನಲ್ಲಿ ನಮ್ಮ ಮಗಳು, ಪಕ್ಕದ ತೋಟದ ಇಬ್ಬರು, ಲೈನಿನ ಮೂವರು, ಹೀಗೆ ಆರು ಮಕ್ಕಳು ದಿನಾ ಅದರಲ್ಲೇ ಶಾಲೆಗೆ ಹೋಗಿಬರುತ್ತಾರೆ. ಮುಂದಿನ ಸೀಟು ಪಿಯುಸಿ ಎರಡನೇ ವರ್ಷದ ಮಗನದು.

ಈ ಮಗರಾಯನಿಗೆ ಕಳೆದ ಬೇಸಿಗೆಯಲ್ಲಿ ದೊಡ್ಡ ಟೈರಿನ ಹುಚ್ಚು ಹಿಡಿಯಿತು. ನಮ್ಮ ಜೀಪಿಗಿರುವುದು 6.00-16 ಅಳತೆಯ ಟೈರು, ಎತ್ತರ ಸುಮಾರು 28 ಇಂಚು. ಅವನಿಗೆ ಬೇಕಾದದ್ದು 31 ಇಂಚಿನ, ಅಗಲವಾದ, ದಪ್ಪ ಬಟನ್ನುಗಳ ಟೈರು.

“ಅಪ್ಪ, ಮೂರು ಇಂಚು ಎತ್ತರ ಆಗುತ್ತೆ. ಆ ದಿಬ್ಬಕ್ಕೆ ಹೊಟ್ಟೆ ತಾಗೋದೇ ಇಲ್ಲ” ಎಂದ.

ಆ ದಿಬ್ಬದ ಕಷ್ಟ ನಿಜವೇ. ಚಕ್ರದ ಜಾಡು ಎರಡೂ ಕಡೆ ಆಳವಾಗುತ್ತ ಹೋದಂತೆ ದಾರಿಯ ನಡುಭಾಗ ಬೆನ್ನಿನಂತೆ ಎದ್ದು ನಿಲ್ಲುತ್ತದೆ. ಎಕ್ಸೆಲ್‌ನ ನಡುವೆ ಕುಂಬಳಕಾಯಿಯಂತೆ ಊದಿಕೊಂಡಿರುವ ಹೌಸಿಂಗ್ ಅದಕ್ಕೆ ಉಜ್ಜುತ್ತದೆ. ಕಮಾನು ಪಟ್ಟಿ ಎತ್ತರಿಸಿದರೆ ಮೇಲಿನ ಬಾಡಿ ಏರುತ್ತದೆಯೇ ಹೊರತು ಈ ಕುಂಬಳಕಾಯಿ ಇದ್ದಲ್ಲೇ ಇರುತ್ತದೆ. ಅದನ್ನು ಮೇಲೆತ್ತಬಲ್ಲದ್ದು ಟೈರು ಮಾತ್ರ. ಅಷ್ಟರಮಟ್ಟಿಗೆ ಹುಡುಗನ ವಾದ ಸರಿಯಾಗಿತ್ತು. ಆದರೆ ನಾಲ್ಕು ಟೈರು, ಅದಕ್ಕೆ ಹೊಂದುವ ಡಿಸ್ಕು ಎಲ್ಲ ಸೇರಿಸಿದರೆ ಅವನ ಮುಂದಿನ ವರ್ಷದ ಹಾಸ್ಟೆಲ್ ದುಡ್ಡು ಅಲ್ಲಿಗೇ ಮುಗಿಯುತ್ತಿತ್ತು. “ಆಗಲಿ, ಲೆಕ್ಕ ಹಾಕಿ ತೋರಿಸು. ಲೆಕ್ಕ ಒಪ್ಪಿದರೆ ಟೈರು” ಎಂದೆ. ಮನೆಯವಳು ನನ್ನನ್ನು ದುರುಗುಟ್ಟಿ ನೋಡಿದಳು.

ಮೊದಲ ಸಾಲಿನಲ್ಲೇ ಅವನಿಗೆ ನಿರಾಸೆ ಕಾದಿತ್ತು. ಎಕ್ಸೆಲ್ ಇರುವುದು ಚಕ್ರದ ನಡುವೆ. ವ್ಯಾಸ ಮೂರು ಇಂಚು ಹೆಚ್ಚಿದರೆ ಎಕ್ಸೆಲ್ ಏರುವುದು ತ್ರಿಜ್ಯ ಹೆಚ್ಚಿದಷ್ಟೇ, ಅಂದರೆ ಒಂದೂವರೆ ಇಂಚು! “ಒಂದೂವರೆಯಾದ್ರೂ ಸಿಕ್ತಲ್ಲ” ಎಂದು ಮುಂದುವರಿಸಿದ.

28 ಇಂಚಿನ ಚಕ್ರ ಒಂದು ಸುತ್ತು ಸುತ್ತಿದರೆ ಜೀಪು ಸುಮಾರು 2.23 ಮೀಟರು ಮುಂದೆ ಹೋಗುತ್ತದೆ, 31 ಇಂಚಿನದಾದರೆ 2.47. ಆದರೆ ಮೀಟರಿಗೆ ಟೈರು ಯಾವುದೆಂದು ಗೊತ್ತಿಲ್ಲವಲ್ಲ, ಅದು ಎಣಿಸುವುದು ಗೇರುಪೆಟ್ಟಿಗೆಯ ಕಡೆಯ ಸುತ್ತುಗಳನ್ನು. ಹಾಗಾಗಿ ದೊಡ್ಡ ಟೈರು ಹಾಕಿದ ಮೇಲೆ ಮುಳ್ಳು 40 ತೋರಿಸುವಾಗ ಜೀಪು ನಿಜವಾಗಿ 44ರ ಮೇಲೆ ಓಡುತ್ತಿರುತ್ತದೆ. ದಿನಕ್ಕೆ ಎರಡು ಸಲ ಪೇಟೆಗೆ ಹೋಗಿಬಂದರೆ ನಾವು ಓಡಿಸುವುದು 56 ಕಿಲೋಮೀಟರು, ಮೀಟರು ತೋರಿಸುವುದು ಐವತ್ತೂವರೆ. ದೊಡ್ಡ ಟೈರು ಹಾಕಿದವರು ಮೈಲೇಜು ಬಿದ್ದುಹೋಯಿತೆಂದು ಗೋಳಾಡುವುದರಲ್ಲಿ ಸ್ವಲ್ಪ ಪಾಲು ಈ ಸುಳ್ಳು ಲೆಕ್ಕದ್ದೂ ಇರುತ್ತದೆ.

ಆಮೇಲೆ ಬಂದದ್ದು ಹಲ್ಲಿನ ಲೆಕ್ಕ. ಈ ನಮೂನೆಯ ಎಕ್ಸೆಲ್‌ನೊಳಗೆ ಪಿನಿಯನ್ನಿಗೆ 8 ಹಲ್ಲು, ಕ್ರೌನ್ ವೀಲಿಗೆ 43. ಭಾಗಿಸಿದರೆ 5.38. ಪಿನಿಯನ್ನು ಸುಮಾರು ಐದೂಕಾಲಿಗಿಂತ ತುಸು ಹೆಚ್ಚು ಸುತ್ತು ಹೊಡೆದರೆ ಚಕ್ರ ಒಂದು ಸುತ್ತು ತಿರುಗುತ್ತದೆ. ಬಡಕಲು ಎಂಜಿನ್ನಿನ ಹಳೆಯ ಜೀಪು ಅಂಥ ಏರನ್ನು ಹತ್ತುತ್ತಿದ್ದ ಗುಟ್ಟು ಇದೇ. 31 ಇಂಚಿನ ಟೈರು ಹಾಕಿದರೆ ಹಲ್ಲು ಅಷ್ಟೇ ಇದ್ದರೂ ಫಲದಲ್ಲಿ ಅದು 4.86ಕ್ಕೆ ಇಳಿದ ಹಾಗೆ. ಮೊದಲಿನ ಬಲವೇ ಬೇಕೆಂದರೆ ಹೆಚ್ಚುಕಡಿಮೆ 6ರ ಅನುಪಾತದ ಹಲ್ಲುಗಳನ್ನು ಹುಡುಕಬೇಕು. ಹುಡುಗ ಪೆನ್ನು ಕಚ್ಚುತ್ತ ಬಹಳ ಹೊತ್ತು ಸುಮ್ಮನೆ ಕೂತಿದ್ದ.

ಆಮೇಲೆ ತಾನಾಗಿಯೇ ಕೇಳಿದ: “ಅಪ್ಪ, ಹಾಗಾದ್ರೆ ಬ್ರೇಕೂ ಅಷ್ಟೇ ಕಡಿಮೆ ಆಗುತ್ತಲ್ಲ?”

ಆಗುತ್ತದೆ. ಡ್ರಮ್ಮು ಅದೇ, ಲೈನರು ಅದೇ, ಒತ್ತುವ ಕಾಲೂ ಅದೇ. ಅವು ಹುಟ್ಟಿಸುವ ತಡೆ ಮಾತ್ರ ಈಗ ನೆಲವನ್ನು ತಲುಪುವುದು 14 ಇಂಚಿನ ಬದಲು ಹದಿನೈದೂವರೆ ಇಂಚಿನ ತೋಳಿನ ತುದಿಯಲ್ಲಿ. ನೂರಕ್ಕೆ ಸುಮಾರು ಹತ್ತರಷ್ಟು ಬಲ ಕಡಿಮೆ. ನಮ್ಮ ದಾರಿ ಬೆಳಿಗ್ಗೆ ಇಳಿಜಾರು. ಹಿಂದೆ ಆರು ಮಕ್ಕಳು. ಈ ಪ್ರಶ್ನೆ ಅವನ ಬಾಯಿಂದಲೇ ಬಂತೆಂಬ ಸಮಾಧಾನ ನನಗೆ ಇವತ್ತಿಗೂ ಇದೆ.

ಅಮೆರಿಕದಲ್ಲಿ ಕಲ್ಲುಬಂಡೆಗಳ ಮೇಲೆ ಜೀಪು ಹತ್ತಿಸುವುದೇ ಒಂದು ದೊಡ್ಡ ಹವ್ಯಾಸ. ಕ್ಯಾಲಿಫೋರ್ನಿಯಾದ ರುಬಿಕಾನ್ ಎಂಬ ದಾರಿ ಅದಕ್ಕೆ ಹೆಸರುವಾಸಿ. ಆ ಹೆಸರಿನದೇ ಜೀಪನ್ನು ಕಂಪನಿ 2003ರ ಮಾದರಿಯಾಗಿ ಹೊರತಂದಾಗ ಬರೀ 31 ಇಂಚಿನ ಟೈರು ಹಾಕಿ ಕಳಿಸಲಿಲ್ಲ. ಹಿಂದೆ ಮುಂದೆ ಎರಡೂ ಕಡೆ ಡಾನಾ 44 ಎಂಬ ಗಟ್ಟಿ ಎಕ್ಸೆಲ್, ಅದಕ್ಕೆ ತಕ್ಕ ಹಲ್ಲು, ಫೋರ್ ವೀಲಿನಲ್ಲಿ ಇನ್ನೂ ನಿಧಾನದ ಲೋ ಗೇರು ಎಲ್ಲವನ್ನೂ ಒಟ್ಟಿಗೇ ಕೊಟ್ಟಿತು. ಟೈರು ಹೆಚ್ಚು ಕಚ್ಚಿದಷ್ಟೂ ಅದರ ಹಿಂದಿರುವ ಶಾಫ್ಟಿಗೆ ಕಷ್ಟ. ಸಣ್ಣ ಟೈರು ಜಾರಿಬಿಡುತ್ತದೆ, ಆ ಜಾರುವಿಕೆಯೇ ಶಾಫ್ಟನ್ನು ಕಾಯುತ್ತದೆ. ದೊಡ್ಡ ಟೈರು ಗಾಳಿಯಲ್ಲಿ ಗಿರ್ರನೆ ಸುತ್ತುತ್ತಿದ್ದು ಥಟ್ಟನೆ ಕಲ್ಲಿಗೆ ಕಚ್ಚಿಕೊಂಡರೆ ಆ ಪೆಟ್ಟೆಲ್ಲ ಶಾಫ್ಟಿನ ಕೊರಳಿಗೇ.

ಈ ಮಾತು ಬಂದದ್ದೇ ನಮ್ಮ ಎಕ್ಸೆಲ್ ಹೇಗಿದೆ ನೋಡೋಣವೆಂದು ಪೇಟೆಯ ಮೆಕ್ಯಾನಿಕ್ ಸಾಬರಲ್ಲಿಗೆ ಹೋದೆವು. ಅವರು ಹಿಂದಿನ ಚಕ್ರ ಬಿಚ್ಚಿ, ಡ್ರಮ್ಮು ಕಳಚಿ, ಶಾಫ್ಟನ್ನು ಹೊರಗೆಳೆದು ಡೀಸೆಲಿನಲ್ಲಿ ತೊಳೆದರು. ಬಿಸಿಲಿಗೆ ಹಿಡಿದು, “ಗೌಡ್ರೇ, ಇಲ್ಲಿ ನೋಡಿ” ಎಂದರು. ಕ್ರೌನಿನೊಳಗೆ ಕೂರುವ ತುದಿಯ ಉದ್ದುದ್ದ ಹಲ್ಲುಗಳು ನೇರವಾಗಿರಬೇಕಷ್ಟೆ? ಹಿಂಡಿದ ಬಟ್ಟೆಯ ಹಾಗೆ ಒಂದು ಪಕ್ಕಕ್ಕೆ ತಿರುಚಿಕೊಂಡಿದ್ದವು. ಕಬ್ಬಿಣ ಮುರಿಯುವ ಮುನ್ನ ಹೇಳುವ ಮಾತು ಅದು. ಎಷ್ಟು ವರ್ಷಗಳ ಮರಳು, ಮೂಟೆ, ಏರುಗಳು ಸೇರಿ ಹಾಗೆ ಮಾಡಿದ್ದವೋ!

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಎಕ್ಸೆಲ್‌ಗಳಲ್ಲಿ ಎರಡು ಜಾತಿ. ಬಸ್ ಸ್ಟ್ಯಾಂಡಿಗೆ ಹೋದಾಗ ಬಸ್ಸಿನ ಹಿಂದಿನ ಚಕ್ರದ ನಡುಭಾಗ ಗಮನಿಸಿ. ಹೊರಕ್ಕೆ ಚಾಚಿದ ಹಬ್ಬಿನ ಮೇಲೆ ಸುತ್ತಲೂ ಬೋಲ್ಟುಗಳ ಒಂದು ಬಳೆ ಇರುತ್ತದೆ. ಅಲ್ಲಿ ಭಾರ ಹೊರುವುದು ಹೊರಗಿನ ಕೊಳವೆ, ಒಳಗಿನ ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಶಾಫ್ಟು ಮುರಿದರೂ ಚಕ್ರ ತನ್ನ ಜಾಗದಲ್ಲೇ ಇರುತ್ತದೆ. ಇದು ಫುಲ್ ಫ್ಲೋಟಿಂಗ್. ಯುದ್ಧಕಾಲದ ವಿಲ್ಲೀಸ್ ಜೀಪಿನ ಹಿಂದಿನ ಎಕ್ಸೆಲ್ ಇಂಥದ್ದೇ. ಯುದ್ಧ ಮುಗಿದು ರೈತರಿಗೆಂದು ಮಾಡಿದ ಜೀಪುಗಳಲ್ಲಿ ಸ್ವಲ್ಪ ಕಾಲಕ್ಕೇ ಸೆಮಿ ಫ್ಲೋಟಿಂಗ್ ಬಂತು. ಇದರಲ್ಲಿ ಒಂದೇ ಶಾಫ್ಟು ಭಾರವನ್ನೂ ಹೊರಬೇಕು, ಚಕ್ರವನ್ನೂ ತಿರುಗಿಸಬೇಕು. ಹೊರತುದಿಯಲ್ಲಿ ಅದು ಮುರಿದರೆ ಚಕ್ರ ಡ್ರಮ್ಮಿನ ಸಮೇತ ಕಳಚಿಕೊಂಡು ಜೀಪಿಗಿಂತ ಮುಂದೆ ಓಡಬಹುದು. ನಮ್ಮದು ಈ ಎರಡನೆಯ ಜಾತಿ.

ಮಗ ಆ ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಟೈರಿನ ಮಾತು ಅವತ್ತು ಎತ್ತಲಿಲ್ಲ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಹೇಳಿದ ವಿವರಕ್ಕೂ ಆರ್‌ಸಿ ಪುಸ್ತಕಕ್ಕೂ ತಾಳೆಯಾಗದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಖಚಿತವಾಗಿ ಹೇಳಿತು. ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಯಲ್ಲಿ ವಿಮೆಯವರು ಬೆರಳು ತೋರಿಸುವಂಥದ್ದನ್ನು ಇಟ್ಟುಕೊಳ್ಳುವುದು ನನಗಂತೂ ಬೇಡ.

ಕೊನೆಗೆ ನಾವು ಮಾಡಿಸಿದ್ದು ಇಷ್ಟು: ಹಿಂದಿನ ಎರಡೂ ಶಾಫ್ಟು ಹೊಸದು, ಬೇರಿಂಗು, ಆಯಿಲ್ ಸೀಲು, ನಾಲ್ಕೂ ಚಕ್ರಕ್ಕೆ ಬ್ರೇಕ್ ಲೈನರು. ಟೈರನ್ನೂ ಬದಲಿಸಿದೆವು, ಆದರೆ ಅದೇ 6.00-16 ಅಳತೆಯಲ್ಲಿ, ಬಟನ್ ನಮೂನೆಯದು. ಸಪೂರ ಟೈರೆಂದು ಮೂಗು ಮುರಿಯಬೇಕಿಲ್ಲ. ಅಗಲದ ಟೈರು ಮರಳಿನಲ್ಲಿ ತೇಲಿಕೊಂಡು ಹೋಗುತ್ತದೆ ನಿಜ. ನಮ್ಮ ದಾರಿಯಂತೆ ಮೇಲೆ ಒಂದು ಗೇಣು ಕೆಸರು, ಕೆಳಗೆ ಗಟ್ಟಿ ಜಂಬಿಟ್ಟಿಗೆ ಇರುವಲ್ಲಿ ಕೆಸರನ್ನು ಸೀಳಿ ತಳ ಮುಟ್ಟುವ ಸಪೂರ ಟೈರೇ ವಾಸಿ. ಡಾಂಬರಿನ ಮೇಲೆ ಬಟನ್ನುಗಳು ಗುಂಯ್ ಎನ್ನುತ್ತವೆ, ಬೇಗ ಸವೆಯಲೂಬಹುದು. ದಿನದ 56ರಲ್ಲಿ 44 ಕಿಲೋಮೀಟರು ಡಾಂಬರೇ ಆದ್ದರಿಂದ ಈ ಆಯ್ಕೆಯೂ ಪೂರ್ತಿ ಲಾಭದ್ದೆಂದು ನಾನು ಹೇಳಲಾರೆ. ಆ ದಿಬ್ಬವನ್ನು ಹಾರೆ ಗುದ್ದಲಿ ಹಿಡಿದು ಎರಡು ಭಾನುವಾರ ನಾವೇ ಕಡಿದು ತಗ್ಗಿಸಿದೆವು. ಒಂದೂವರೆ ಇಂಚಲ್ಲ, ಆರು ಇಂಚು ಸಿಕ್ಕಿತು!

ಮಗನಿಗೆ ಪೂರ್ತಿ ಸಮಾಧಾನವಾಗಿದೆ ಎಂದಲ್ಲ. ಕೆಲಸ ಸಿಕ್ಕಿದ ಮೇಲೆ ಫುಲ್ ಫ್ಲೋಟಿಂಗ್ ಎಕ್ಸೆಲ್ ಇರುವ ಗಾಡಿಯನ್ನೇ ಕೊಳ್ಳುತ್ತೇನೆಂದು ಅಮ್ಮನ ಹತ್ತಿರ ಹೇಳಿದ್ದಾನಂತೆ. ತಿರುಚಿದ ಶಾಫ್ಟನ್ನು ಗುಜರಿಗೆ ಹಾಕಲು ಬಿಡದೆ ಗೋಣಿಚೀಲದಲ್ಲಿ ಸುತ್ತಿ ಕಾಲೇಜಿಗೆ ಒಯ್ದ. ಭೌತಶಾಸ್ತ್ರದ ಮೇಷ್ಟ್ರು ಅದನ್ನು ತರಗತಿಯಲ್ಲಿ ಬೆಂಚಿನಿಂದ ಬೆಂಚಿಗೆ ಕೊಟ್ಟು ತೋರಿಸಿದರಂತೆ. ಎರಡು ತಿಂಗಳಾಯಿತು, ಅದಿನ್ನೂ ಲ್ಯಾಬಿನ ಕಪಾಟಿನಲ್ಲೇ ಇದೆ.