ಆರು-ಮೂವತ್ತೆರಡು

ಬ್ಯಾಟರಿ ಸೊರಗಿದರೆ ಮೊಬೈಲನ್ನೇ ಬದಲಿಸುವ ಕಾಲ ಇದು. ಎರಡು ಸ್ಕ್ರೂ ಹುಡುಕಿಕೊಂಡು ನಾಲ್ಕು ತಾಲ್ಲೂಕು ತಿರುಗೋದು ನಿಮಗೆ ಹುಚ್ಚು ಅನ್ನಿಸಬಹುದು. ಹಿರೇಕೆರೂರು ಕಡೆಯ ನಮ್ಮ ಕಾಕಾ ಅದನ್ನೇ ಮಾಡಿದರು, ಜೊತೆಗೆ ನನ್ನನ್ನೂ ತಿರುಗಿಸಿದರು.

ಕಾಕಾ ಮಾಜಿ ಸೈನಿಕರು. ಹಿತ್ತಲಿನ ಮಣ್ಣಿನ ದಿಬ್ಬಕ್ಕೆ ಡಬ್ಬಿಯ ಮುಚ್ಚಳ ಆನಿಸಿಟ್ಟು ಏರ್ ರೈಫಲ್‌ನಿಂದ ಗುರಿ ಹೊಡೆಯೋದು ಅವರ ಸಂಜೆಯ ಧ್ಯಾನ. ಹಕ್ಕಿಪಕ್ಕಿಯ ಮೇಲೆ ಎಂದೂ ಎತ್ತಿದವರಲ್ಲ. ಸಾದಾ ರೈಫಲ್‌ನಲ್ಲಿ ಹಿಂದಿನ ಕಿಂಡಿ, ನಳಿಗೆಯ ತುದಿಯ ಮೊನೆ, ದೂರದ ಗುರಿ ಮೂರನ್ನೂ ಒಂದೇ ಗೆರೆಗೆ ತರಬೇಕು. ವಯಸ್ಸಾದ ಕಣ್ಣು ಹತ್ತಿರಕ್ಕೂ ದೂರಕ್ಕೂ ಹಾಗೆ ಹೊಂದಿಕೊಳ್ಳಲ್ಲ. ಸ್ಕೋಪ್ ಹಾಕಿದರೆ ಗುರಿಯೂ ಅದರ ಮೇಲಿನ ಗೆರೆಯೂ ಒಟ್ಟಿಗೇ ಸ್ಪಷ್ಟವಾಗಿ ಕಾಣುತ್ತವೆ. ಹಾಗಾಗಿ ಅವರಿಗೆ ಸ್ಕೋಪ್ ಅಂದರೆ ಷೋಕಿ ಅಲ್ಲ, ಕನ್ನಡಕ.

ಆದರೆ ಸ್ಪ್ರಿಂಗ್ ಏರ್ ರೈಫಲ್‌ಗೆ ಒಂದು ಕೆಟ್ಟ ಚಾಳಿ. ಒಳಗಿನ ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಈ ಎರಡು ಕಡೆಯ ಎಳೆದಾಟದಲ್ಲಿ ಸ್ಕೋಪ್ ಹಿಡಿದಿರುವ ರಿಂಗುಗಳ ಸ್ಕ್ರೂ ಸಡಿಲವಾಗುತ್ತವೆ. ಒಂದು ಸಂಜೆ ಎರಡು ಸ್ಕ್ರೂ ಹುಲ್ಲಿನಲ್ಲಿ ಮಾಯ. ಮಾರಿದವರನ್ನು ಕೇಳಿದರೆ, ಬಿಡಿ ಸ್ಕ್ರೂ ಇಲ್ಲ, ಇಡೀ ಮೌಂಟ್ ತಗೊಳ್ಳಿ ಅಂದರು.

“ಗುಂಡಿ ಹೋದ್ರ ಅಂಗೀನ ಒಗೀತಾರೇನೋ ತಮ್ಮಾ?” ಕಾಕಾ ಗುಡುಗಿದರು.

ಉಳಿದಿದ್ದ ಒಂದು ಸ್ಕ್ರೂವನ್ನೂ ಖಾಲಿ ರಿಂಗನ್ನೂ ಜೇಬಿಗೆ ಹಾಕಿಕೊಂಡು ಹೊರಟೆವು. ಹಾನಗಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ 3 ಮಿಲಿಮೀಟರಿನದು ಒಳಗೆ ಲೊಡಲೊಡ ಅಂತು, 4ರದ್ದು ಬಾಯಲ್ಲೇ ನಿಂತಿತು. ಶಿಗ್ಗಾವಿಯ ಲೇತ್‌ನವರು ಥ್ರೆಡ್ ನೋಡಿದ ಕೂಡಲೇ ಹೇಳಿದರು: “ಇದು ಇಂಚಿನ ಲೆಕ್ಕದ್ದು ಐತ್ರೀ. ತೂತು ದೊಡ್ಡದು ಮಾಡಿ 4ರ ಟ್ಯಾಪ್ ಹೊಡೀಲೇನು?” ಕಾಕಾ ಒಪ್ಪಲಿಲ್ಲ. ಅಲ್ಯುಮಿನಿಯಂ ರಿಂಗು, ಗೋಡೆ ತೆಳು, ಕೊರೆದರೆ ಬಲವೇ ಹೋಗುತ್ತದೆ ಅನ್ನೋದು ಅವರ ವಾದ. ವಾದ ಸರಿಯಾಗೇ ಇತ್ತು.

ಸವಣೂರಿನಲ್ಲಿ ವೀಳ್ಯದೆಲೆ ಕಟ್ಟಿಸಿಕೊಳ್ಳುವಾಗ ಪಕ್ಕದಲ್ಲೇ ಒಂದು ಕಂಪ್ಯೂಟರ್ ರಿಪೇರಿ ಅಂಗಡಿ ಕಂಡಿತು. ಅಲ್ಲಿನ ಹುಡುಗ ಸ್ಕ್ರೂ ತಿರುಗಿಸಿ ನೋಡಿ, ತುಕ್ಕು ಹಿಡಿದ ಬಿಸ್ಕತ್ತು ಡಬ್ಬಿ ಸುರುವಿದ. ಸತ್ತ ಸಿಪಿಯುಗಳಿಂದ ಬಿಚ್ಚಿಟ್ಟ ಸ್ಕ್ರೂಗಳ ರಾಶಿ. ಅದರಲ್ಲೊಂದು ಬೆರಳಲ್ಲೇ ಸರಸರ ಕೊನೆವರೆಗೂ ಇಳಿಯಿತು. “ಕ್ಯಾಬಿನೆಟ್ ಸ್ಕ್ರೂ ರೀ ಇದು. ಸಿಕ್ಸ್-ಥರ್ಟಿಟೂ.”

ಆರು ಅನ್ನೋದು ದಪ್ಪದ ನಂಬರು, ಸುಮಾರು 3.5 ಮಿಲಿಮೀಟರ್. ಮೂವತ್ತೆರಡು ಅಂದರೆ ಒಂದು ಇಂಚಿಗೆ 32 ಸುತ್ತು. ಮೆಟ್ರಿಕ್‌ನಲ್ಲಿ 3.5ರ ಸ್ಕ್ರೂ ಇದೆ, ಆದರೆ ಅದರ ಒಂದು ಸುತ್ತಿನ ಅಂತರ 0.6 ಮಿಲಿಮೀಟರ್, ಇದರದ್ದು ಸುಮಾರು 0.79. ದಪ್ಪ ಒಂದೇ ಆದರೂ ಕೆಲವು ಸುತ್ತಿಗೇ ಕಚ್ಚಿಕೊಂಡು ನಿಲ್ಲುತ್ತದೆ, ಜಬರ್ದಸ್ತಿ ಮಾಡಿದರೆ ಥ್ರೆಡ್ ಹಾಳು. ಪಿಸಿ ಬೆಳೆದದ್ದು ಅಮೆರಿಕದಲ್ಲಿ. ಹಾಗಾಗಿ ಡೆಸ್ಕ್‌ಟಾಪಿನ ಕ್ಯಾಬಿನೆಟ್ಟೂ 3.5 ಇಂಚಿನ ಹಾರ್ಡ್ ಡಿಸ್ಕೂ ಈಗಲೂ ಇದೇ ಇಂಚಿನ ಸ್ಕ್ರೂಗೆ ಕಟ್ಟುಬಿದ್ದಿವೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಲೆಗಸಿ ಸಿಸ್ಟಮ್.

ಕ್ಯಾಬಿನೆಟ್ ಸ್ಕ್ರೂವನ್ನೇ ಹಾಕಿ ಬಿಡುವ ಹಾಗಿರಲಿಲ್ಲ. ಅದು ಗಿಡ್ಡ, ತಲೆಯೂ ಬೇರೆ. ಆದರೆ ಈಗ ಹೆಸರು ಸಿಕ್ಕಿತ್ತಲ್ಲ, ಅರ್ಧ ಕೆಲಸ ಅಲ್ಲೇ ಮುಗಿಯಿತು. ಬೆಂಗಳೂರಿಗೆ ಮರಳಿದ ಮೇಲೆ ಎಸ್.ಪಿ. ರೋಡಿನಲ್ಲಿ ಅದೇ ನಂಬರಿನ, ಅರ್ಧ ಇಂಚು ಉದ್ದದ ಅಲೆನ್ ಸ್ಕ್ರೂ ಕೇಳಿ ತಂದೆ. ಕಾಕಾ ಒಂದು ಸ್ಕ್ರೂ ಅರ್ಧ ಬಿಗಿದು, ಓರೆಯಲ್ಲಿ ಎದುರಿನದಕ್ಕೆ ಹೋಗಿ, ಎರಡೂ ಕಡೆಯ ಸಂದು ಸಮ ಇದೆಯೋ ಅಂತ ನೋಡಿ ನೋಡಿ ಬಿಗಿದರು. ಅತಿ ಬಿಗಿದರೆ ಸ್ಕೋಪಿನ ನಳಿಗೆಯೇ ಜಜ್ಜಿಹೋಗುತ್ತದೆ.

ನನ್ನನ್ನು ಕಾಡೋದು ಆ ಡಬ್ಬಿ. ಮನೆಗಳಲ್ಲಿ ಡೆಸ್ಕ್‌ಟಾಪ್ ಕಡಿಮೆಯಾಗುತ್ತಿವೆ. ಹಳೇ ಸಿಪಿಯು ಬರದಿದ್ದರೆ ಡಬ್ಬಿಯೂ ತುಂಬಲ್ಲ. ಯಾವುದು ಯಾವುದಕ್ಕೆ ಕೂಡುತ್ತದೆ ಅಂತ ಬೆರಳಲ್ಲೇ ಬಲ್ಲ ಹುಡುಗರೂ ಆಗ ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ಉಳಿಯೋದು ‘ಇಡೀ ಸೆಟ್ ತಗೊಳ್ಳಿ’ ಅನ್ನೋ ಮಾತೊಂದೇ.

ಕಾಕಾನ ಹತ್ತಿರ ಹೆಚ್ಚಿನ ನಾಲ್ಕು ಸ್ಕ್ರೂ ಉಳಿದಿದ್ದವು. ಎರಡನ್ನು ಇಟ್ಟುಕೊಂಡು, ಎರಡನ್ನು ಎಲೆ ತರಲು ಸವಣೂರಿಗೆ ಹೊರಟವರ ಕೈಲಿ ಕೊಟ್ಟು ಕಳಿಸಿದರು. ಆ ಬಿಸ್ಕತ್ತು ಡಬ್ಬಿಗೆ.