ಜಗಲಿಗೆ ಬರುತ್ತಿದ್ದ ಅಂಬೆ

ನವರಾತ್ರಿ ಅಂದರೆ ಘಟ್ಟದ ಮೇಲಿನವರಿಗೆ ಗೊಂಬೆ, ಅಂಬಾರಿ. ನಮ್ಮ ಕುಂದಾಪುರದ ಕಡೆಯ ಹಳ್ಳಿಮನೆಗಳಲ್ಲಿ ಹೂವಿನಕೋಲು. ಬೈಂದೂರೂ ನಮ್ಮ ತಾಲ್ಲೂಕಿನೊಳಗೇ ಇದ್ದ ಕಾಲ ಅದು. ಮಳೆ ಹಿಂದೆ ಸರಿದಿರುತ್ತಿತ್ತು, ಗದ್ದೆಯಲ್ಲಿ ಕದಿರು ಹೊರಟಿರುತ್ತಿತ್ತು. ಹೊಸ ಕದಿರು ಮನೆಗೆ ತರುವ ಹೊಸ್ತಿನ ದಿನ ಬಾಗಿಲಿಗೆ ಕಟ್ಟಲು ಮಾವಿನೆಲೆ, ಹಲಸಿನೆಲೆ ತರುವುದು ಮಕ್ಕಳ ಪಾಲಿನ ಕೆಲಸ. ಆದರೆ ನಾವು, ಅಕ್ಕ ತಂಗಿಯರು ಮತ್ತು ಚಿಕ್ಕಿಯ ಮಕ್ಕಳು, ನಿಜವಾಗಿ ಕಾಯುತ್ತಿದ್ದದ್ದು ತಡಮೆ ದಾಟಿ ಬರುವ ಸೂಡಿಯ ಬೆಳಕನ್ನು.

ಬರುವವರು ನಾಲ್ಕೈದು ಜನ. ಹಾಡಲು ಭಾಗವತರು, ಮದ್ದಳೆಯವರೊಬ್ಬರು, ಶ್ರುತಿ ಹಿಡಿಯುವವರೊಬ್ಬರು, ಜೊತೆಗೆ ಇಬ್ಬರು ಮಾಣಿಗಳು, ಅಂದರೆ ಹುಡುಗರು. ಮೊದಲು ಮನೆಗೆ ಒಳ್ಳೆಯದಾಗಲಿ ಎಂದು ರಾಗವಾಗಿ ಹರಸುತ್ತಿದ್ದರು. ಆಮೇಲೆ ಮಾಣಿಗಳು ಜಗಲಿಯ ಚಾಪೆಯ ಮೇಲೆ ಎದುರುಬದುರು ಕೂರುತ್ತಿದ್ದರು. ನಡುವೆ ಹೂ ಕಟ್ಟಿದ ಕೋಲು. ವೇಷವಿಲ್ಲ, ಕುಣಿತವಿಲ್ಲ, ಪದ್ಯ ಮತ್ತು ಮಾತು, ಅಷ್ಟೇ. ಯಾವುದೋ ಯಕ್ಷಗಾನ ಪ್ರಸಂಗದ ಒಂದು ತುಣುಕು ಮುಗಿಸಿ, ಅಕ್ಕಿ, ತೆಂಗಿನಕಾಯಿ, ಕೊಟ್ಟಷ್ಟು ದುಡ್ಡು ಪಡೆದು ಮುಂದಿನ ಮನೆಗೆ ಹೊರಡುತ್ತಿದ್ದರು. ಮಂದರ್ತಿ, ಮಾರಣಕಟ್ಟೆ, ಸೌಕೂರಿನ ಮೇಳಗಳೆಲ್ಲ ಮಳೆಗಾಲದಲ್ಲಿ ಗಂಟು ಕಟ್ಟಿಟ್ಟಿರುವ ಹೊತ್ತು. ತಿರುಗಾಟ ಮತ್ತೆ ಶುರುವಾಗುವವರೆಗೆ ಕಲಾವಿದರ ಮನೆಯಲ್ಲಿ ಕಷ್ಟವೇ. ಹೂವಿನಕೋಲಿನ ಅಕ್ಕಿಗೆ ಎಷ್ಟು ಬೆಲೆಯಿತ್ತೆಂದು ನಮಗೆ ತಿಳಿದದ್ದು ದೊಡ್ಡವರಾದ ಮೇಲೆ.

ಅಮ್ಮಮ್ಮನಿಗೆ ಆ ಕೋಲೇ ದೇವಿ. ಮಾಣಿಗಳು ಕೂರುವ ಮೊದಲು ಕೋಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಆಮೇಲೆ, "ಕೂಕಣಿ, ಆಸ್ರಿಗೆ ಬೇಕಾ?" ಎಂದು ಬೆಲ್ಲ ನೀರು ಇಡುತ್ತಿದ್ದಳು.

ಒಂದು ವರ್ಷ 'ಭೀಷ್ಮ ವಿಜಯ' ಆಯಿತು. ಅಂಬೆಯ ಪಾತ್ರದ ಮಾಣಿ ತೀರಾ ಸಣ್ಣವನು, ಹಾಲುಹಲ್ಲು ಬಿದ್ದ ಬಾಯಿ. ಭೀಷ್ಮನಾಗಿ ಕೂತವನು ಎತ್ತರದ ಹುಡುಗ, ಒಳ್ಳೆ ಗಂಟಲು. ನನ್ನ ಬದುಕಿಗೆ ಏನು ದಾರಿ ತೋರಿಸುತ್ತೀರಿ ಎಂದು ಅಂಬೆ ಕೇಳಬೇಕಾದಲ್ಲಿ ಮಾಣಿಗೆ ಮಾತು ಹೋಯಿತು. ಕಣ್ಣು ತುಂಬಿತು. ಭಾಗವತರು ಮುಖ ತಿರುಗಿಸಲಿಲ್ಲ, ಗದರಲಿಲ್ಲ. ಪದ್ಯದ ಕೊನೆಯ ಸೊಲ್ಲನ್ನೇ ಮತ್ತೊಮ್ಮೆ, ಇನ್ನೂ ನಿಧಾನಕ್ಕೆ ಎತ್ತಿಕೊಂಡರು. ಮದ್ದಳೆಯೂ ಮೆಲ್ಲಗಾಯಿತು. ಅಷ್ಟರಲ್ಲಿ ಮಾಣಿ ಉಸಿರು ತೆಗೆದುಕೊಂಡು ಕೇಳಿಯೇಬಿಟ್ಟ. ಜಗಲಿಯ ದೊಡ್ಡವರೆಲ್ಲ ಭೀಷ್ಮನ ಮುಖ ನೋಡಿದರು. ಒಳಬಾಗಿಲ ಸಂದಿಯಲ್ಲಿದ್ದ ನಮಗೆ ಮೈ ಜುಮ್ಮೆಂದಿತು.

ಹೌದು, ಹೆಣ್ಣುಮಕ್ಕಳು ಕೇಳುತ್ತಿದ್ದದ್ದು ಬಾಗಿಲ ಸಂದಿಯಿಂದ. ಅಂಬೆಯೂ ಮಾಣಿಯೇ ಆಗಿದ್ದ ಕಾಲ. ಮರುದಿನ ಬೆಳಿಗ್ಗೆ ನಾವು ದಾಸವಾಳದ ಕೋಲಿಗೆ ಗೊಂಡೆಹೂ ಸುತ್ತಿ, ಹುಲ್ಲುಕುತ್ರಿಯ ನೆರಳಲ್ಲಿ ನಮ್ಮದೇ ಹೂವಿನಕೋಲು ಹೂಡುತ್ತಿದ್ದೆವು. ಪುಸ್ತಕಗಳೆಲ್ಲ ದೇವರ ಕೋಣೆಯಲ್ಲಿ ಶಾರದಾಪೂಜೆಗೆ ಕೂತಿರುತ್ತಿದ್ದವು, ಓದುವ ಹಾಗಿಲ್ಲ. ಮಾತಿಗೆ ಬೇಕಾದಷ್ಟು ಹೊತ್ತು. ಅಂಬೆಯಾಗಲು ಜಗಳವೇ ಆಗುತ್ತಿತ್ತು. ಭೀಷ್ಮನಾಗಲು ಯಾರೂ ಒಪ್ಪುತ್ತಿರಲಿಲ್ಲ.

ನಮ್ಮ ಗಲಾಟೆ ಕೇಳಿ ಅಮ್ಮಮ್ಮ ಅಕ್ಕಿ ಆರಿಸುತ್ತಲೇ ಕೊಲ್ಲೂರಿನ ಕಥೆ ತೆಗೆಯುತ್ತಿದ್ದಳು. ಕಂಹಾಸುರ ಘೋರ ತಪಸ್ಸು ಮಾಡಿ ವರ ಕೇಳುವ ಹೊತ್ತಿಗೆ ವಾಗ್ದೇವಿ ಅವನ ನಾಲಿಗೆ ಕಟ್ಟಿದಳು, ಅವನು ಮೂಕಾಸುರನಾದ. ಆಮೇಲೂ ಉಪದ್ರ ಬಿಡದೆ ದೇವಿಯ ಕೈಯಲ್ಲೇ ಸತ್ತ. ಸಾಯುವಾಗ ಅವನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು ಅವಳು ಮೂಕಾಂಬಿಕೆಯಾದಳು. ಅವನೇ ಮಾರಣಕಟ್ಟೆಯಲ್ಲಿ ಬ್ರಹ್ಮಲಿಂಗೇಶ್ವರನಾಗಿ ಪೂಜೆಗೊಳ್ಳುತ್ತಾನೆ ಎನ್ನುವುದು ನಮ್ಮೂರಿನ ನಂಬಿಕೆ. "ಮಾತ್ ಕೊಡುದೂ ಅವ್ಳೇ, ಕಟ್ಟುದೂ ಅವ್ಳೇ" ಎಂದು ಅಮ್ಮಮ್ಮ ಕಥೆ ಮುಗಿಸುತ್ತಿದ್ದಳು.

ನವರಾತ್ರಿಯ ಬಗ್ಗೆ ಆಮೇಲೆ ನಾನು ಬಹಳ ಪ್ರವಚನ ಕೇಳಿದ್ದೇನೆ. ಒಂಬತ್ತು ರೂಪ, ಮೂರು ಗುಣ, ಮಹಿಷನೆಂದರೆ ನಮ್ಮ ತಮಸ್ಸು, ಎಲ್ಲವೂ ಸರಿ. ನನ್ನ ಮನಸ್ಸಿಗೆ ಹತ್ತಿರವಾಗಿ ಉಳಿದದ್ದು ಅಮ್ಮಮ್ಮ ಹೇಳಿದ್ದೇ. ನಮ್ಮ ಸೀಮೆಯಲ್ಲಿ ದೇವಿಯರಿಗೆ ಬರವಿಲ್ಲ. ಮಂದರ್ತಿಯ ದುರ್ಗಾಪರಮೇಶ್ವರಿ, ನೀಲಾವರದ ಮಹಿಷಮರ್ದಿನಿ, ಮಳೆಗಾಲದಲ್ಲಿ ಕುಬ್ಜಾ ನದಿಯೇ ಗರ್ಭಗುಡಿಗೆ ನುಗ್ಗಿ ಮೀಯಿಸುವ ಕಮಲಶಿಲೆಯ ಬ್ರಾಹ್ಮಿ, ಹಲವು ಮಕ್ಕಳ ತಾಯಿ ಎನ್ನಿಸಿಕೊಂಡ ಕೋಟದ ಅಮೃತೇಶ್ವರಿ. ನವರಾತ್ರಿಯಲ್ಲಿ ಇವರೆಲ್ಲರ ಗುಡಿಗೂ ನಾವು ಹೋಗುತ್ತೇವೆ. ಆದರೆ ಆ ಒಂಬತ್ತು ರಾತ್ರಿ ದೇವಿ ತಾನೇ ಕೋಲು ಹಿಡಿದು, ತಡಮೆ ದಾಟಿ, ಬಡವರ ಜಗಲಿಗೂ ಬಂದು ಕೂರುತ್ತಿದ್ದಳು. ಮಗುವಿನ ಬಾಯಿಂದ ಮಾತಾಡುತ್ತಿದ್ದಳು. ಶಕ್ತಿ ಎಂದರೆ ಆಯುಧವೇ ಎಂದು ನನಗೆ ಎಂದೂ ಅನ್ನಿಸದೆ ಹೋದದ್ದು ಇದರಿಂದ. ದೊಡ್ಡವರ ಎದುರು ಕೂತು, ನಡುಗುತ್ತಲಾದರೂ, ಕೇಳಬೇಕಾದ್ದನ್ನು ಕೇಳುವ ಸ್ವರವೇ ಶಕ್ತಿ. ಕೊಲ್ಲೂರಿನಲ್ಲಿ ವಿಜಯದಶಮಿಯ ಬೆಳಿಗ್ಗೆ ಹರಿವಾಣದ ಅಕ್ಕಿಯಲ್ಲಿ ಬೆರಳಾಡಿಸಲು ಮಕ್ಕಳನ್ನು ಸೊಂಟದಲ್ಲಿ ಹೊತ್ತು ನಿಲ್ಲುವ ಅಪ್ಪ ಅಮ್ಮಂದಿರು, ಕೇರಳದಿಂದ ರಾತ್ರಿಯಿಡೀ ಪಯಣಿಸಿ ಬಂದವರು ಸಹ, ಬೇಡುವುದು ಇದನ್ನೇ ಎಂದು ನನಗೆ ಅನ್ನಿಸುತ್ತದೆ.

ಟಿ.ವಿ. ಬಂದ ಮೇಲೆ ಹೂವಿನಕೋಲು ಬಡವಾಯಿತು. ಮಾಣಿಗಳು ಓದಲು ಪೇಟೆಗೆ ಹೋದರು, ಜಗಲಿಗಳಿಗೆ ಗ್ರಿಲ್ ಬಂತು. ನಿಂತೇಹೋಯಿತು ಅಂದುಕೊಂಡಿದ್ದೆವು. ತೆಕ್ಕಟ್ಟೆ ಕೊಮೆಯ ಯಶಸ್ವೀ ಕಲಾವೃಂದದಂಥವರು ಮಕ್ಕಳಿಗೆ ಕಲಿಸಿ ಮತ್ತೆ ಮನೆಮನೆಗೆ ಕಳಿಸತೊಡಗಿದ ಸುದ್ದಿ ತಿಳಿದಾಗ ನಾನೂ ನನ್ನ ತಂಗಿಯೂ ಫೋನಿನಲ್ಲೇ ಅತ್ತೆವು.

ಈಗ ಚಿಕ್ಕಿಯ ಮೊಮ್ಮಗಳು ಹೂವಿನಕೋಲಿಗೆ ಕೂರುತ್ತಾಳೆ. ಜಗಲಿಯ ಚಾಪೆಯ ಮೇಲೆಯೇ, ಎಲ್ಲರ ಎದುರಿಗೆ. ಹೋದ ಮಹಾನವಮಿಯ ಸಂಜೆ ಅವಳು ಸುಧನ್ವ. ಅರ್ಜುನನಿಗೆ ಮಾತೇ ಬಿಟ್ಟುಕೊಡಲಿಲ್ಲ. ಮರುದಿನ ಅವಳ ತಮ್ಮನನ್ನು ಅಕ್ಷರಾಭ್ಯಾಸಕ್ಕೆ ಕೊಲ್ಲೂರಿಗೆ ಕರೆದೊಯ್ಯುವುದಿತ್ತು. ಇನ್ನೂ 'ಅ' ಬರೆಯಲು ಬಾರದ ಅವನಿಗೆ ಜೀಪು ಹತ್ತುವ ಗಡಿಬಿಡಿಯಲ್ಲೂ ಅವಳು ಅರ್ಜುನನ ಮಾತು ಹೇಳಿಕೊಡುತ್ತಿದ್ದಳು, "ಬಾಯ್ ಬಿಟ್ ಹೇಳ್ ಮಾರಾಯಾ" ಎಂದು ಗದರುತ್ತಾ.